ಹುಲ್ಲಿನ ಕೆಳಗಿನ ಸ್ವಾಮಿ

ನನಗೊಂದು ಚಾಳಿ ಇದೆ. ಲಾನ್ ಕಂಡರೆ ಅದರ ಮೇಲೆ ಕಾಲಿಡುವುದಿಲ್ಲ, ಅಂಚು ಹಿಡಿದು ಸುತ್ತು ಹಾಕಿಕೊಂಡು ಹೋಗುತ್ತೇನೆ. ಕೊಲ್ಲಾಪುರದ ಕಡೆ ಈಗ ಮದುವೆಯ ಊಟವನ್ನೆಲ್ಲ ಹುಲ್ಲಿನ ಮೇಲೇ ಇಡುವ ಪದ್ಧತಿ ಬಂದಿದೆಯಲ್ಲ, ನನ್ನಂಥವಳಿಗೆ ಅದು ದೊಡ್ಡ ಪೀಕಲಾಟ. ಮೊನ್ನೆ ಹೀಗೇ ತಟ್ಟೆ ಹಿಡಿದು ಗೋಡೆಗುಂಟ ನಡೆದು ಆ ಬದಿ ಮುಟ್ಟುವಷ್ಟರಲ್ಲಿ ಜಿಲೇಬಿ ಖಾಲಿ. ಜೊತೆಗಿದ್ದ ಗೆಳತಿ ಬಾಯಿ ತುಂಬ ಜಿಲೇಬಿ ಇಟ್ಟುಕೊಂಡೇ, “ಏನ ನಮ್ಮವ್ವಾ, ಹುಲ್ಲಿನ್ಯಾಗ ಹಾವ ಐತೇನ?” ಎಂದಳು. ಹಾವಲ್ಲ ಎಂದೆ. ಮತ್ತೇನು ಎಂದು ಅವಳು ಕೇಳಲಿಲ್ಲ, ಐಸ್‌ಕ್ರೀಮಿನ ಕಡೆ ಹೋದಳು. ನೀವು ಹಾಗಲ್ಲ, ಕುಳಿತು ಕೇಳುವವರು. ನಿಮಗೆ ಹೇಳುತ್ತೇನೆ.

ಹುಟ್ಟಿನಿಂದ ನಾನು ಹೀಗಿರಲಿಲ್ಲ. ನನ್ನ ತವರು ಗಡಹಿಂಗ್ಲಜದ ಹತ್ತಿರ. ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಒಂದಿಷ್ಟು ಕಾಯಿ ಮಣ್ಣಿನಲ್ಲೇ ಉಳಿಯುತ್ತವೆ. ಅವನ್ನು ಹುಡುಕಿ ತೆಗೆಯುವುದು ಮಕ್ಕಳ ಹಕ್ಕು. ಕಳೆ ತೆಗೆಯುವ ಖುರಪಿ ಹಿಡಿದು ನಾನೊಮ್ಮೆ ಕುಳಿತೆನೆಂದರೆ ಉಳಿದವರು ಬೇರೆ ಮೂಲೆ ನೋಡಿಕೊಳ್ಳಬೇಕು. ಕಾಯಿ ಸಿಕ್ಕಲ್ಲಿ ನಿಲ್ಲಿಸುವ ಬುದ್ಧಿ ನನಗಿರಲಿಲ್ಲ. ಅದರ ಕೆಳಗೆ ಇನ್ನೊಂದು ಇದ್ದರೆ ಎಂದು ಮೊಣಕೈವರೆಗೆ ತೋಡುತ್ತಿದ್ದೆ. “ಈ ಹುಡುಗಿ ಕೈಯಾಗ ಖುರಪಿ ಕೊಡಬ್ಯಾಡ್ರಿ, ಪಾತಾಳಾ ನೋಡೇ ಬರತಾಳ” ಎಂದು ಅಪ್ಪ ನಗುತ್ತಿದ್ದ. ಸಂಜೆ ಬಿಸಿ ಬೂದಿಯಲ್ಲಿ ಸುಟ್ಟ ಶೇಂಗಾ, ಒಂದು ತುಂಡು ಬೆಲ್ಲ, ಉಗುರ ಸಂದಿಯಲ್ಲಿ ಮಣ್ಣು. ಕಳೆದದ್ದು ಮಣ್ಣಿನಲ್ಲಿದ್ದರೆ ಅಗೆದು ತೆಗೆಯಬೇಕು ಎಂಬುದಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಅದನ್ನು ಕಲಿತುಕೊಂಡೇ ಇಚಲಕರಂಜಿಗೆ ಸೊಸೆಯಾಗಿ ಬಂದೆ.

ಇಚಲಕರಂಜಿಯಲ್ಲಿ ನಮ್ಮದು ಮಗ್ಗದ ಮನೆ. ಹಿಂದೆ ಪವರ್‌ಲೂಮಿನ ಶೆಡ್ಡು, ಮುಂದೆ ನಾವು. ಬಂದ ಹೊಸತರಲ್ಲಿ ಆ ಖಟಾಖಟಕ್ಕೆ ನಿದ್ದೆ ಹತ್ತುತ್ತಿರಲಿಲ್ಲ. ಆಮೇಲೆ ಆಮೇಲೆ ಹೇಗಾಯಿತೆಂದರೆ, ಕರೆಂಟು ಹೋಗಿ ಮಗ್ಗ ನಿಂತರೆ ದಿಗ್ಗನೆ ಎದ್ದು ಕೂರುತ್ತಿದ್ದೆ. ಅನ್ನದಲ್ಲಿ ಹತ್ತಿಯ ಎಳೆ, ತಲೆಯಲ್ಲಿ ಹತ್ತಿಯ ಎಳೆ. ಇಂಥ ಊರಿನಲ್ಲಿ ನಮ್ಮವರಿಗೆ ಲಾನಿನ ಹುಚ್ಚು ಹತ್ತಿತು. ಕೊಲ್ಲಾಪುರದಲ್ಲಿ ಯಾರೋ ನೂಲಿನ ವ್ಯಾಪಾರಿಯ ಬಂಗಲೆಗೆ ಹೋಗಿದ್ದರಂತೆ, ಹುಲ್ಲಿನ ಮೇಲೆ ಕುರ್ಚಿ ಹಾಕಿ ಚಹಾ ಕೊಟ್ಟರಂತೆ. ಬಂದವರೇ ಮನೆ ಮುಂದಿನ ಜಾಗ ಅಳೆದು ಹುಲ್ಲು ಹಾಕಿಸಿದರು. ಮನೆಗೆ ಹಾಲು ಹಾಕುವವನು ಹಸಿರನ್ನು ಮೇಲಿಂದ ಕೆಳಗೆ ನೋಡಿ, “ಕಾಯ್ ಸಾವಕಾರ, ಮ್ಹೈಸ್ ಕಧೀ ಆಣಣಾರ?” ಎಂದು ಕೇಳಿದ. ಎಮ್ಮೆ ತರುವ ವಿಚಾರವಿಲ್ಲ, ಇದು ನೋಡುವುದಕ್ಕೆ ಎಂದು ನಮ್ಮವರು ಹೇಳಿದ್ದನ್ನು ಆತ ಕೊನೆಯವರೆಗೂ ನಂಬಲಿಲ್ಲ.

ಆ ಹುಲ್ಲಿನ ಮೇಲೆ ಎಂದೂ ಕಾಲಿಡದವರು ಒಬ್ಬರಿದ್ದರು, ನಮ್ಮ ಅತ್ತೆ. ನಾವು ಜೈನರು, ಆದರೆ ಜೈನರಲ್ಲೂ ನನ್ನಂಥವರಿದ್ದಾರೆ, ಅತ್ತೆಯಂಥವರಿದ್ದಾರೆ. ಹೊತ್ತು ಮುಳುಗಿದ ಮೇಲೆ ಅವರ ಬಾಯಿಗೆ ಒಂದಗುಳೂ ಇಲ್ಲ. ಬಾವಿಯ ನೀರು ಸೋಸಿ, ಸೋಸಿದ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಒಂದು ಗಿಂಡಿಯಲ್ಲಿ ಮೆಲ್ಲಗೆ ಇಳಿಸಿ ಅದೇ ಬಾವಿಗೆ ಬಿಡುವರು. ಬೇರೆ ಬಾವಿ ನಡೆಯದು, ಮೇಲಿನಿಂದ ಎಸೆದರೆ ನಡೆಯದು. ಮಳೆಗಾಲದ ಚಾತುರ್ಮಾಸ ಬಂತೆಂದರೆ ಇನ್ನೂ ಬಿಗಿ. ಸೊಪ್ಪಿಲ್ಲ, ಹಸಿರು ತುಳಿಯುವಂತಿಲ್ಲ, ದೀಪಾವಳಿಯವರೆಗೆ ಮನೆಯ ಅಂಗಳದಲ್ಲಿ ಒಂದು ಹಿಡಿ ಮಣ್ಣು ಅಗೆಯುವಂತಿಲ್ಲ. ಇವೆಲ್ಲ ಅವರ ಸ್ವಂತದ ನೇಮ, ಇನ್ನೊಬ್ಬರ ಮೇಲೆ ಹೇರಿದವರಲ್ಲ. ಆದರೆ ಹೇರದೆಯೇ ಹೆದರಿಸುವವರು ಇರುತ್ತಾರಲ್ಲ, ಆ ಜಾತಿ. ನಾನು ಅವರ ಕಣ್ಣು ತಪ್ಪಿಸಿ ಸೊಳ್ಳೆ ಹೊಡೆಯುತ್ತಿದ್ದೆ.

ದೇವರ ಜಗಲಿಯ ಮೇಲೆ ಅವರದೊಂದು ಪುಟ್ಟ ಪಾರ್ಶ್ವನಾಥ ಸ್ವಾಮಿ. ಪಂಚಲೋಹದ್ದು, ಹೆಬ್ಬೆರಳಿನಷ್ಟು, ತಲೆಯ ಮೇಲೆ ಹಾವಿನ ಹೆಡೆ. ಅವರ ಅತ್ತೆ ಅವರ ಕೈಗೆ ಕೊಟ್ಟದ್ದು. ದಿನವೂ ಅದಕ್ಕೆ ಅಭಿಷೇಕ ಮಾಡಿದ ಮೇಲೆಯೇ ಊಟ ಎಂದು ಹರೆಯದಲ್ಲೇ ಮುನಿಗಳ ಮುಂದೆ ನೇಮ ಹಿಡಿದವರು. ಅಭಿಷೇಕದ ನೀರನ್ನು ಯಾರೂ ತುಳಿಯಬಾರದೆಂದು, ಲಾನಿನ ಅಂಚಿನ ಪಾರಿಜಾತದ ಬುಡಕ್ಕೆ ಹಾಕುತ್ತಿದ್ದರು.

ಎಂಬತ್ತರ ಆಸುಪಾಸಿನ ಒಂದು ಆಷಾಢ. ಚಾತುರ್ಮಾಸಕ್ಕೆ ಮುಂಚಿನ ದಿನ, ನಾಳೆಯಿಂದ ಮಣ್ಣು ಮುಟ್ಟುವಂತಿಲ್ಲವೆಂದು ನಮ್ಮವರು ಅವಸರವಸರವಾಗಿ ಲಾನಿಗೆಲ್ಲ ಎರಡು ಬೆರಳಿನಷ್ಟು ಕೆಂಪು ಮಣ್ಣು ಹರಡಿಸಿ, ಪಾರಿಜಾತದ ಸುತ್ತಲಿನ ಬೋಳು ಜಾಗಕ್ಕೆ ಹೊಸ ಹುಲ್ಲಿನ ಹಾಸು ಹೊದಿಸಿ ರೋಲರ್ ಎಳೆಸಿದರು. ಮಾರನೆಯ ಬೆಳಿಗ್ಗೆ ಅತ್ತೆ ಜಗಲಿಯ ಮೇಲೆ ಹಿಂದಿನ ದಿನದ ಹೂ ಸರಿಸಿದರೆ ಪೀಠ ಬರಿದು. ಸ್ವಾಮಿ ಇಲ್ಲ.

ಮನೆ ತಲೆಕೆಳಗು ಮಾಡಿದೆವು. ಹೂಬುಟ್ಟಿ, ಗಂಧದ ಬಟ್ಟಲು, ಒಗೆಯುವ ಬಟ್ಟೆ, ಕಸ, ಎಲ್ಲ ಜಾಲಾಡಿದೆವು. ಕೊನೆಗೆ ಅತ್ತೆ ತಾವೇ ಹೇಳಿದರು: ಹಿಂದಿನ ದಿನ ಮನೆಯಲ್ಲಿ ನೆಂಟರಿದ್ದರು, ಗಡಿಬಿಡಿ, ಕಣ್ಣಿಗೆ ಪೊರೆ ಬೇರೆ, ತಾಟಿನ ನೀರು ಹೂವಿನ ಜೊತೆ ಸ್ವಾಮಿಯನ್ನೂ ಪಾರಿಜಾತದ ಬುಡಕ್ಕೆ ಸುರಿದಿರಬೇಕು. ಪೀಠದ ಮೇಲೆ ಹೂ ರಾಶಿ ಹಾಕಿ ಒಳಗೆ ಸ್ವಾಮಿ ಇದ್ದಾನೆಂದುಕೊಂಡರು. ಅದರ ಮೇಲೆ ಮಗನ ಕೆಂಪು ಮಣ್ಣು, ಮಣ್ಣಿನ ಮೇಲೆ ಹುಲ್ಲಿನ ಹಾಸು, ಹಾಸಿನ ಮೇಲೆ ರೋಲರ್.

ನಾನು ಸೆರಗು ಕಟ್ಟಿದೆ. “ಇಷ್ಟ ಹೌದಲ್ರೀ? ಖುರಪಿ ಕೊಡ್ರಿ, ಹೊತ್ತೇರೂದ್ರಾಗ ತಗದ ಕೊಡತೇನಿ” ಎಂದೆ.

“ಅಗ್ಯಾಕ ಇಲ್ಲ” ಎಂದರು ಅತ್ತೆ. “ಇವತ್ತಿನಿಂದ ಇಲ್ಲ. ಮಳಿ ಬಿದ್ದ ಮಣ್ಣಾಗ ಎಷ್ಟ ಜೀವ ಮ್ಯಾಲ ಬಂದಾವ. ನನ್ನ ತಪ್ಪಿಗೆ ಅವು ಯಾಕ ಸಾಯಬೇಕು?”

“ಹಂಗಾರ ಊಟಾ?”

“ಊಟಾ ಇಲ್ಲ.”

ಬಸದಿಯ ಉಪಾಧ್ಯರನ್ನು ಕರೆಸಿದೆವು. ಬಸದಿಯಲ್ಲಿ ಅಭಿಷೇಕ ನೋಡಿದರೂ ನೇಮ ಪೂರ್ತಿಯಾಗುತ್ತದೆ, ಸಂಶಯ ಬೇಡ ಎಂದು ಅವರು ಪರಿಪರಿಯಾಗಿ ಹೇಳಿದರು. ಅತ್ತೆ ತಲೆ ತಗ್ಗಿಸಿ ಕೇಳಿದರು. ಆಮೇಲೆ ಹೇಳಿದರು: “ಬಸ್ತ್ಯಾಗೂ ಸ್ವಾಮಿ ಅದಾನ್ರಿ, ನಾ ಎಲ್ಲಿ ಇಲ್ಲ ಅಂದ್ನಿ? ಆದ್ರ ನಾ ಕಳದ ಸ್ವಾಮಿ ಇಲ್ಲಿ ಕೆಸರಿನ್ಯಾಗ ಅದಾನ. ಅವನ್ನ ಅಲ್ಲಿ ಬಿಟ್ಟ ನನಗ ತುತ್ತ ಹೆಂಗ ಇಳೀತೈತಿ ಹೇಳ್ರಿ.” ಉಪಾಧ್ಯರು ಚಪ್ಪಲಿ ಮೆಟ್ಟಿಕೊಂಡು, ಹುಲ್ಲಿನ ಅಂಚು ಹಿಡಿದು ಗೇಟಿಗೆ ಹೋದರು.

ಅಂದು ಇಡೀ ದಿನ ಅತ್ತೆ ಬರೀ ಕಾಸಿದ ನೀರಿನ ಮೇಲೆ ಇದ್ದರು. ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಅಂಗೈಯಗಲದ ಜಾಗ, ಹತ್ತು ಸಲ ಖುರಪಿ ಹಾಕಿದರೆ ಮುಗಿಯುವ ಕೆಲಸ, ಅದಕ್ಕೆ ವಯಸ್ಸಾದ ಜೀವ ಉಪವಾಸ! ಮಗನಾದರೂ ಗಟ್ಟಿಯಾಗಿ ಹೇಳಬೇಡವೇ? ನಮ್ಮವರು, “ಅವ್ವ ಒಪ್ಪೂದಿಲ್ಲ. ಮತ್ತ ಲಾನೂ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಲಾನೂ ಎಂಬ ಆ ಮಾತಿಗೆ ನಾನು ಎರಡು ದಿನ ಅವರೊಡನೆ ಮಾತು ಬಿಟ್ಟೆ. ಹಾಗೆ ನೋಡಿದರೆ ಅವರು ಅಂದೇ ಸಂಜೆ ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದರು: ತಮ್ಮನಿಗೆ ಹೇಳಿಕಳಿಸಿದ್ದರು.

ತಮ್ಮ ಎಂದರೆ ನನ್ನ ಮೈದುನ ಅಜಿತ. ಶಿರೋಳಿಯ ಒಂದು ಫೌಂಡ್ರಿಯಲ್ಲಿ ಇಂಜಿನಿಯರ್, ಕೊಲ್ಲಾಪುರದಲ್ಲಿ ಬಾಡಿಗೆ ಕೋಣೆ. ಆ ಕೋಣೆಯಲ್ಲಿ ಮಲಗುವುದಕ್ಕೆ ಜಾಗವಿಲ್ಲ, ಎಲ್ಲೆಲ್ಲೂ ಬಿಚ್ಚಿದ ರೇಡಿಯೋ. ಲೋಹ ಹುಡುಕುವ ಯಂತ್ರ ಮಾಡಿದ್ದೇನೆಂದು ವರ್ಷದಿಂದ ಹೇಳುತ್ತಿದ್ದ, ನಾವು ನಗುತ್ತಿದ್ದೆವು. ಮರುದಿನ ಮೊದಲ ಎಸ್.ಟಿ. ಬಸ್ಸಿಗೆ ಅದನ್ನು ಹೆಗಲ ಮೇಲೆ ಹೊತ್ತು ಬಂದ. ಒಂದು ಬಿದಿರ ಕೋಲು, ಕೋಲಿಗೆ ಕಟ್ಟಿದ ಎರಡು ಟ್ರಾನ್ಸಿಸ್ಟರ್, ತುದಿಗೆ ತಾಮ್ರದ ತಂತಿ ಸುತ್ತಿದ ಹಲಗೆಯ ಚಕ್ಕೆ. ಚಾಲೂ ಮಾಡಿದರೆ ಕುಂಯ್ ಎನ್ನುತ್ತಿರುತ್ತದೆ. ಕೆಳಗೆ ಲೋಹವಿದ್ದರೆ ಆ ದನಿ ಏರುತ್ತದೆ. ಅವನು ಹೆಮ್ಮೆಯಿಂದ ಗುಂಡಿ ತಿರುಗಿಸಿದ. ಯಂತ್ರ ಮರಾಠಿಯಲ್ಲಿ ಕಬ್ಬಿನ ರೋಗಕ್ಕೆ ಯಾವ ಔಷಧ ಹೊಡೆಯಬೇಕೆಂದು ಹೇಳತೊಡಗಿತು. “ಸ್ಟೇಶನ್ ಹತ್ತೇತಿ, ಸ್ಟೇಶನ್ ಹತ್ತೇತಿ” ಎಂದು ಅಜಿತ ಬೆವರಿದ. ಅಂತೂ ಕೃಷಿವಾರ್ತೆ ಹೋಗಿ ಕುಂಯ್ ಬಂತು. ನಾನು ನೋಡಲು ಬಗ್ಗಿದೆ, ಕೀಂಯ್ ಎಂದು ಕಿರುಚಿತು. “ಸಿಕ್ತು!” ಎಂದೆ. “ಅದು ನಿಮ್ಮ ಕಾಲುಂಗುರಾ ವೈನಿ, ಜರಾ ಬಾಜೂಲಾ!” ಎಂದು ನನ್ನನ್ನು ಮೆಟ್ಟಿಲವರೆಗೆ ಹಿಂದೆ ಸರಿಸಿದ.

ಮಧ್ಯಾಹ್ನದವರೆಗೆ ಮಳೆ ಬಿಡಲಿಲ್ಲ. ಅತ್ತೆ ಕಂಬಕ್ಕೆ ಒರಗಿ ಕುಳಿತಿದ್ದರು, ತುಟಿ ಒಣಗಿತ್ತು. ಯಂತ್ರ ತೋರಿಸಬಹುದು, ಆದರೆ ತೆಗೆಯುವುದು ಹೇಗೆ? ಅಗೆಯುವಂತಿಲ್ಲವಲ್ಲ. ಅಜಿತ ಕೈಚೆಲ್ಲಿದ. ನಾನು ಸಿಟ್ಟಿನಲ್ಲೇ ಅತ್ತೆಗೆ ಕುಡಿಯಲು ನೀರು ಸೋಸುತ್ತಿದ್ದೆ. ಬಟ್ಟೆ ಎತ್ತಿ ಗಿಂಡಿಗೆ ಇಳಿಸುವಾಗ ತಲೆಗೆ ಹೊಳೆಯಿತು.

“ಅತ್ತ್ಯಾರ, ಒಂದ ಮಾತ ಕೇಳ್ಲಿ? ನೀರ ಬೇಕು, ನೀರಾಗ ಜೀವಾನೂ ಅದಾವ. ಅದಕ್ಕ ನೀರ ಬಿಡೂದಿಲ್ಲ, ಸೋಸತೀರಿ. ಜೀವಾ ಮತ್ತ ಅಲ್ಲೇ ಬಿಡತೀರಿ. ಮಣ್ಣೂ ಹಂಗ ಸೋಸಿದ್ರ?”

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಬೈಯುತ್ತಾರೆಂದುಕೊಂಡೆ. “ಒಂದೂ ಸಾಯಬಾರದು” ಎಂದರು.

“ಸಾಯೂದಿಲ್ರಿ.”

“ಎಲ್ಲಿಂದ ಬಂತೋ ಅಲ್ಲೇ ಹೋಗಬೇಕು.”

“ಅಲ್ಲೇ ಬಿಡತೇನಿ.”

“ಹಂಗಾರ ಏಳ್ರಿ” ಎಂದು ಅವರೇ ಮೊದಲು ಎದ್ದರು, ಕಂಬ ಹಿಡಿದು.

ಮಳೆ ನಿಂತಿತ್ತು. ಆ ಮಧ್ಯಾಹ್ನ ನಮ್ಮ ಗೇಟಿನ ಮುಂದೆ ಹೋದವರು ಏನು ತಿಳಿದರೋ ದೇವರಿಗೇ ಗೊತ್ತು. ಹುಲ್ಲು ತುಳಿಯಬಾರದೆಂದು ನಾರಿನ ಹಗ್ಗದ ಹೊರಸೊಂದನ್ನು ತಂದು ಪಾರಿಜಾತದ ಹತ್ತಿರ ಇಳಿಸಿದೆವು. ನಾಲ್ಕು ಕಾಲು ಊರುವ ಜಾಗವನ್ನು ಅತ್ತೆ ನವಿಲುಗರಿಯಿಂದ ಮೆಲ್ಲಗೆ ಸವರಿ, ಇರುವೆಗಳು ಸರಿದ ಮೇಲೆಯೇ ಇಡಿಸಿದರು. ಹೊರಸಿನ ಮೇಲೆ ಅಜಿತ ಬೋರಲು ಮಲಗಿ, ಕೆಳಗೆ ಕೈ ಇಳಿಬಿಟ್ಟು ಯಂತ್ರ ಆಡಿಸಿದ. ಅತ್ತೆ ಗೋಡೆಯ ಪಕ್ಕ, ನಾನು ಕಾಲುಂಗುರ ಬಿಚ್ಚಿಟ್ಟು, ಬಳೆ ಬಿಚ್ಚಿಟ್ಟು, ಕಲ್ಲಿನ ಅಂಚಿನ ಮೇಲೆ. ನಮ್ಮವರು ಅಲ್ಲಿ ಇಲ್ಲಿ ತಿರುಗುತ್ತ, “ಹಗೂರ, ಹಗೂರ” ಎನ್ನುತ್ತಿದ್ದರು, ತಾಯಿಗೋ ಹುಲ್ಲಿಗೋ ತಿಳಿಯಲಿಲ್ಲ.

ಕೀಂಯ್ ಎಂದಿತು. ಅಜಿತ ಪೂರ್ವದಿಂದ ಪಶ್ಚಿಮಕ್ಕೊಮ್ಮೆ, ದಕ್ಷಿಣದಿಂದ ಉತ್ತರಕ್ಕೊಮ್ಮೆ ಆಡಿಸಿ, ದನಿ ಅತಿ ಜೋರಾದ ಜಾಗದಲ್ಲಿ ಒಂದು ಪಾರಿಜಾತದ ಹೂ ಇಟ್ಟ. ಎಷ್ಟು ಆಳವೆಂದು ಚುಚ್ಚಿ ನೋಡಬೇಕು. ಸ್ಕ್ರೂಡ್ರೈವರ್ ತೆಗೆದ, ಅತ್ತೆ ಹೌಹಾರಿದರು, “ಸ್ವಾಮಿಗೆ ಕಬ್ಬಿಣಾ ಚುಚ್ಚತೀಯೇನೋ!” ನಮ್ಮವರು ಶೆಡ್ಡಿಗೆ ಓಡಿ ಒಂದು ಕಾಂಡಿ ತಂದರು, ಮಗ್ಗದಲ್ಲಿ ನೂಲು ಸುತ್ತುವ ಮರದ ಕಡ್ಡಿ, ತುದಿ ಮೊಂಡ, ಮೈ ಬೆಣ್ಣೆಯಂತೆ ನುಣುಪು. ಅದನ್ನು ಓರೆಯಾಗಿ ಇಳಿಸಿದೆ. ಎರಡು ಬೆರಳಿನ ಆಳದಲ್ಲಿ ಟಕ್ ಎಂದಿತು.

“ಈಗ ಕೊಯ್ಯಬ್ಯಾಡ” ಎಂದರು ಅತ್ತೆ. “ಮದಲ ತಟ್ಟು. ಅವಕ್ಕ ತಿಳೀಲಿ.” ಅಂಗೈಯಿಂದ ನೆಲ ತಟ್ಟಿದೆ, ಕಾದೆ, ಮತ್ತೆ ತಟ್ಟಿದೆ. ಆಮೇಲೆ ಚಾಕುವಿನಿಂದ ಮೂರೇ ಬದಿ ಕೊಯ್ದೆ. ನಾಲ್ಕನೆಯದನ್ನು ಕೊಯ್ಯದೆ ಬಿಟ್ಟರೆ ಹುಲ್ಲಿನ ಬೇರು ಅಲ್ಲಿ ಹಿಡಿದಿರುತ್ತದೆ, ಮುಚ್ಚಿದ ಮೇಲೆ ಬಾಡುವುದಿಲ್ಲ ಎಂದು ನಮ್ಮವರು ಹೇಳಿಕೊಟ್ಟರು. ರೊಟ್ಟಿ ತಿರುವುವ ತಗಡನ್ನು ಕೆಳಗೆ ತೂರಿಸಿ, ಹುಲ್ಲನ್ನು ಮುಚ್ಚಳದ ಹಾಗೆ ಮಗುಚಿದೆ. ಒದ್ದೆ ಪಂಚೆ ಹಾಸಿ, ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಎತ್ತಿ ಅದರ ಮೇಲಿಟ್ಟೆ. ಎರೆಹುಳ ಸಿಕ್ಕರೆ ಅತ್ತೆಯ ತಾಟಿಗೆ, ಅಲ್ಲಿ ಹಸಿ ಮಣ್ಣು, ಮೇಲೆ ಒದ್ದೆ ಬಟ್ಟೆಯ ನೆರಳು.

ಸಿಕ್ಕದ್ದು ಒಂದು ಬೋಲ್ಟು. ರೋಲರಿನದು.

ಮಣ್ಣು ವಾಪಸು, ಹುಳ ವಾಪಸು, ಹುಲ್ಲಿನ ಮುಚ್ಚಳ ವಾಪಸು, ಅಂಗೈಯಿಂದ ಒತ್ತು, ಸೋಸಿದ ನೀರು ಚಿಮುಕಿಸು. ಮತ್ತೆ ನವಿಲುಗರಿ, ಮತ್ತೆ ಹೊರಸು, ಮತ್ತೆ ಕುಂಯ್. ಎರಡನೆಯ ಸಲ ಒಂದು ಮೊಳೆ ಸಿಕ್ಕಿತು. ಬಿಸಿಲು ಶೆಡ್ಡಿನ ಮಾಡಿನ ತಗಡು ಪತ್ರೆಯ ಮೇಲಕ್ಕೆ ಏರಿತ್ತು. ಸೂರ್ಯ ಮುಳುಗುವುದರೊಳಗೆ ಸಿಕ್ಕರೆ ಅತ್ತೆ ಇವತ್ತು ಉಣ್ಣುತ್ತಾರೆ, ಇಲ್ಲದಿದ್ದರೆ ಇಲ್ಲ. ಒಳಗೆ ಒಲೆಯ ಮೇಲೆ ಬೇಳೆ ಬೆಂದು ಕುಳಿತಿತ್ತು.

ಮೂರನೆಯ ಹೂ ಪಾರಿಜಾತದ ಬುಡಕ್ಕೆ ತೀರ ಹತ್ತಿರ ಬಿತ್ತು. ಕಾಂಡಿ ತಾಗಿತು. ಹುಲ್ಲು ಮಗುಚಿದೆ. ಮೊದಲು ಒಂದು ಬಾಡಿದ ಸೇವಂತಿಗೆ ಕಂಡಿತು. ಅದರ ಕೆಳಗೆ, ಕೆಂಪು ಮಣ್ಣಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ನಮ್ಮ ಸ್ವಾಮಿ, ಏನೂ ಆಗಿಲ್ಲವೆಂಬಂತೆ. ರೋಲರಿಗೆ ಹೆಡೆಯ ಅಂಚೂ ಸೊಟ್ಟಗಾಗಿರಲಿಲ್ಲ. ನಾನು “ಅತ್ತ್ಯಾರ!” ಎಂದು ಕೂಗಿದ ದನಿಗೆ ಮಗ್ಗದವರು ಹೊರಗೆ ಬಂದರು. ಅತ್ತೆ ಎರಡೂ ಕೈ ಚಾಚಿದರು. ಅಳಲಿಲ್ಲ. ಸ್ವಾಮಿಯನ್ನು ಎದೆಗೆ ಹಿಡಿದು, ಹೆಬ್ಬೆರಳಿನಿಂದ ಅವನ ಮುಖದ ಮಣ್ಣು ಒರೆಸುತ್ತಲೇ ಇದ್ದರು.

ಅಜಿತ ಹೊರಸಿನ ಮೇಲೆ ಎದ್ದು ಕೂತು, “ವೈನಿ, ಲಗು ಮಾಡ್ರಿ, ಹೊತ್ತ ಐತಿ ಇನ್ನೂ!” ಎಂದ. ಹೊತ್ತಿತ್ತು, ಲೆಕ್ಕ ಹಾಕಿದಷ್ಟೇ. ಅತ್ತೆಗೆ ಬಾವಿಯಿಂದ ನೀರು ಸೇದುವ ಶಕ್ತಿ ಉಳಿದಿರಲಿಲ್ಲ. ನಾನು ಸ್ನಾನ ಮಾಡಿ ಮಡಿಯಲ್ಲಿ ನೀರು ಸೇದಿ, ಸೋಸಿ ಕೊಡಬೇಕು. ಆಮೇಲೆ ಅವರ ಸ್ನಾನ, ಅಭಿಷೇಕ, ಊಟ. ಮಣ್ಣು ತುಂಬಿದೆವು, ಹುಲ್ಲು ಮುಚ್ಚಿದೆವು, ನಮ್ಮವರು ಒತ್ತಿ ನೀರು ಚಿಮುಕಿಸಿದರು. ಅತ್ತೆ ಸ್ವಾಮಿಯನ್ನು ಹಿಡಿದು ಮೆಟ್ಟಿಲು ಹತ್ತಿದರು. ನಾನು ಪಂಚೆ ಕೊಡವಲು ಎತ್ತಿದೆ.

ಪಂಚೆಯ ಮಡಿಕೆಯಲ್ಲಿ ಒಂದು ಎರೆಹುಳ. ನೂಲಿನೆಳೆಯಷ್ಟು ಸಣ್ಣದು, ಆಗಲೇ ಒಣಗುತ್ತಿತ್ತು.

ನೋಡಿದವಳು ನಾನೊಬ್ಬಳೇ. ಗೋಡೆಯ ಮೇಲೆ ಒಂದು ಗೊರವಂಕ ಕೂತು ನೋಡುತ್ತಿತ್ತು, ಹುಲ್ಲಿನ ಮೇಲೆ ಬಿಟ್ಟರೆ ಅದರ ಪಾಲು. ಬಿಟ್ಟರೇನು? ಒಂದು ಹುಳ. ಒಳಗೆ ಹಸಿದ ಜೀವ ಕಾಯುತ್ತಿದೆ. ಕೊಡವಿಬಿಡು ಎಂದು ಕೈಗೆ ಹೇಳಿದೆ. ಕೈ ಕೇಳಲಿಲ್ಲ. ಒಂದೂ ಸಾಯಬಾರದು ಎಂದವರಿಗೆ ಸಾಯೂದಿಲ್ರಿ ಎಂದಿದ್ದೆನಲ್ಲ, ಅದು ಒಂದು ಕಾರಣ. ಇನ್ನೊಂದು, ಅಷ್ಟು ಹೊತ್ತು ತಟ್ಟಿ, ಕಾದು, ಒಂದೊಂದನ್ನೇ ಬೆರಳಿನಲ್ಲಿ ಎತ್ತಿ ಎತ್ತಿ, ಅದು ನನಗೆ ಬರೀ ಹುಳವಾಗಿ ಉಳಿದಿರಲಿಲ್ಲ. ಮತ್ತೆ ಮಂಡಿಯೂರಿದೆ. ನೆಲ ತಟ್ಟಿದೆ, ಕಾದೆ. ಮುಚ್ಚಿದ ಹುಲ್ಲನ್ನು ಮೂರು ಬದಿಯಿಂದ ಮೆಲ್ಲಗೆ ಬಿಡಿಸಿ ಮಗುಚಿ, ಅದನ್ನು ಒಳಗೆ ಬಿಟ್ಟೆ. ಅದು ಮಣ್ಣಿನಲ್ಲಿ ಇಳಿಯುವವರೆಗೂ ನೋಡಿದೆ. ಆಮೇಲೆ ಮುಚ್ಚಿ, ಒತ್ತಿ, ನೀರು ಚಿಮುಕಿಸಿ ಎದ್ದರೆ ಅತ್ತೆ ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು.

ಓಡಿದೆ. ಸ್ನಾನ ಮಾಡಿ, ನೀರು ಸೇದಿ ತಂದಾಗ ಪತ್ರೆಯ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು.

ಸ್ವಾಮಿಗೆ ಮೈ ತೊಳೆದು ಪೀಠದ ಮೇಲೆ ಕೂರಿಸಿದರು. ಊಟವಿಲ್ಲ. ಯಾಕೆ ತಡವಾಯಿತೆಂದು ಹೇಳಿದೆ, ನಮ್ಮವರ ಸಿಟ್ಟು ನೆತ್ತಿಗೇರಿತು. “ಒಂದ ಹುಳದ ಸಲುವಾಗಿ ಅವ್ವನ್ನ ಮತ್ತೊಂದ ರಾತ್ರಿ ಉಪಾಸ ಕೆಡವಿದಿ! ಬುದ್ಧಿ ಐತೇನ ನಿನಗ?” ಎಂದು ಎಲ್ಲರ ಮುಂದೆ ಕೂಗಿದರು. ನಾನು ಅಡುಗೆಮನೆಯ ಬಾಗಿಲಿಗೆ ಆತುಕೊಂಡು ಗಳಗಳ ಅತ್ತುಬಿಟ್ಟೆ.

“ಬಾಳೂ, ಅಕಿಗೆ ಏನೂ ಅನಬ್ಯಾಡ” ಎಂದು ಮಗನಿಗೆ ಹೇಳಿದರು ನಮ್ಮ ಅತ್ತೆ. ದನಿ ಸೋತಿತ್ತು, ಆದರೆ ಮುಖ ಅರಳಿತ್ತು, ಅಂಥ ಮುಖ ನಾನು ಅವರದು ನೋಡಿರಲಿಲ್ಲ. “ನಾ ಲಗ್ನಾಗಿ ಬಂದಾಗಿಂದ ಈ ಮನ್ಯಾಗ ಈ ಹುಳಾ-ಜೀವಾ ಎಲ್ಲಾ ಒಬ್ಬಾಕಿನ ಕಾಯ್ಕೋತ ಬಂದೇನಿ. ಎಲ್ಲಾರೂ ನನಗ ಹೆದರಿ ಸುಮ್ನಿರತಿದ್ರು, ನನಗ ಗೊತ್ತಿಲ್ಲೇನ? ಇವತ್ತ ಅಕಿ ನನಗ ಹೆದರಿ ಮಾಡ್ಲಿಲ್ಲ. ನಾ ನೋಡತೇನಂತ ಅಕಿಗೆ ಖಬರ ಇರಲಿಲ್ಲ.”

ಬೆಳಿಗ್ಗೆ ಸೂರ್ಯ ಮೇಲೆ ಬಂದ ಮೇಲೆ ಅಭಿಷೇಕವಾಯಿತು. ಅತ್ತೆಗೆ ಮಣೆ ಹಾಕಿ, ತಾಟಿಟ್ಟು, ಬಡಿಸಲು ನಿಂತೆ. ಅವರು ಕೈ ತೊಳೆದರು, 'ಣಮೋಕಾರ' ಮಂತ್ರ ಹೇಳಿಕೊಂಡರು, ರೊಟ್ಟಿ ಮಾತ್ರ ಮುರಿಯಲಿಲ್ಲ.

“ಯಾಕ್ರೀ ಅತ್ತ್ಯಾರ?”

“ನೀ ತಾಟ ತಗೊಂಡ ಬಾ. ಇಬ್ಬರೂ ಜೋಡೀಲೆ ಉಣ್ಣೂಣು.”

ಸೊಸೆ ಅತ್ತೆಯ ಜೊತೆ ಒಂದೇ ಸಾಲಿಗೆ ಕೂಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಕೂತೆ. ಅವರು ಬೇಳೆ ಕಲಸಿ ಮೊದಲ ತುತ್ತು ಬಾಯಿಗಿಟ್ಟರು, ಕಣ್ಣು ಮುಚ್ಚಿ ಮೆಲ್ಲಗೆ ಅಗಿದರು, ನುಂಗಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿ, “ಏನ ನೋಡ್ತಿ? ನಾವು ಉಣ್ಣಾಕತ್ತೇವಿ, ಬಡಸ ಬಾ” ಎಂದರು.